ಬಾಲ್ಯದ ನೆನಪಿನ ಹಾಸ್ಯ ಧಾರಾವಾಹಿಗೆ ಮಕ್ಕಳ ಪಾತ್ರಗಳನ್ನು ಕಟ್ಟುವುದು ಹೇಗೆ

ನಡುವಯಸ್ಸು ಮುಟ್ಟಿದ ವ್ಯಕ್ತಿಯೊಬ್ಬ ತನ್ನ ಹನ್ನೆರಡನೆಯ ವಯಸ್ಸನ್ನು ನೆನೆದು ಮಾತಾಡುತ್ತಿರುತ್ತಾನೆ, ಪರದೆಯ ಮೇಲೆ ಆ ಹನ್ನೆರಡರ ಹುಡುಗ ಓಡಾಡುತ್ತಿರುತ್ತಾನೆ. ಈ ಬಗೆಯ ಧಾರಾವಾಹಿಗಳಿಗೆಲ್ಲ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಅಮೆರಿಕದ ಎಬಿಸಿ ವಾಹಿನಿಯ ‘ದಿ ವಂಡರ್ ಇಯರ್ಸ್’. ನೀಲ್ ಮಾರ್ಲೆನ್ಸ್ ಮತ್ತು ಕ್ಯಾರೊಲ್ ಬ್ಲ್ಯಾಕ್ ದಂಪತಿ ರೂಪಿಸಿದ ಈ ಧಾರಾವಾಹಿಯ ಮೊದಲ ಕಂತು 1988ರ ಜನವರಿ 31ರಂದು, ಅಮೆರಿಕನ್ ಫುಟ್‌ಬಾಲ್‌ನ ವಾರ್ಷಿಕ ಅಂತಿಮ ಪಂದ್ಯವಾದ ಸೂಪರ್ ಬೌಲ್ ಮುಗಿದ ಬೆನ್ನಿಗೇ ಪ್ರಸಾರವಾಯಿತು. ಮೊದಲ ಸೀಸನ್‌ನಲ್ಲಿ ಇದ್ದದ್ದು ಆರೇ ಕಂತುಗಳಾದರೂ ಆ ವರ್ಷದ ಅತ್ಯುತ್ತಮ ಹಾಸ್ಯ ಧಾರಾವಾಹಿಗೆ ಸಲ್ಲುವ ಎಮ್ಮಿ ಪ್ರಶಸ್ತಿ ಅದಕ್ಕೆ ಬಂತು. 1993ರ ಮೇ ತಿಂಗಳಲ್ಲಿ ಮುಗಿಯುವ ಹೊತ್ತಿಗೆ ಆರು ಸೀಸನ್‌ಗಳಲ್ಲಿ 115 ಕಂತುಗಳಾಗಿದ್ದವು. ಕನ್ನಡದಲ್ಲಿ ವೆಬ್ ಸರಣಿಯನ್ನೋ ಕಿರುಚಿತ್ರವನ್ನೋ ಮಾಡಹೊರಟವರು ತಮ್ಮ ಶಾಲೆಯ ದಿನಗಳನ್ನು ಕಥೆಯಾಗಿಸಲು ಕುಳಿತಾಗ ಯಾವ ಕೆಲಸವನ್ನು ಯಾವಾಗ ಮಾಡಬೇಕು, ಎಲ್ಲಿ ಎಚ್ಚರ ತಪ್ಪಬಾರದು ಎಂಬುದನ್ನು ಈ ಧಾರಾವಾಹಿಯನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ನಮ್ಮದೇ ನೆಲದಲ್ಲಿ ಆದ ‘ಮಾಲ್ಗುಡಿ ಡೇಸ್’ ಕೂಡ ಅಲ್ಲಲ್ಲಿ ನೆರವಿಗೆ ಬರುತ್ತದೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಥ ಧಾರಾವಾಹಿಯಲ್ಲಿ ನೆನಪು ಎನ್ನುವುದು ಹಿನ್ನೆಲೆಯಲ್ಲಿ ಮಾತಾಡುವ ದೊಡ್ಡವರ ಪಾಲಿನದು. ಪರದೆಯ ಮೇಲಿರುವ ಮಗುವಿಗೆ ನೆನಪಿಲ್ಲ, ಅದಕ್ಕೆ ಇರುವುದು ಈ ಕ್ಷಣ ಮಾತ್ರ. ತಾನು ಬದುಕುತ್ತಿರುವುದು ‘ಸುವರ್ಣ ಕಾಲ’ ಎಂಬುದು ಮಗುವಿನ ಮುಖದಲ್ಲಾಗಲಿ ಮಾತಿನಲ್ಲಾಗಲಿ ಒಮ್ಮೆ ಇಣುಕಿತೆಂದರೆ ಇಡೀ ಕಟ್ಟಡ ಕುಸಿಯುತ್ತದೆ. ಪಾತ್ರ ಬರೆಯುವುದು, ಮಕ್ಕಳನ್ನು ಆರಿಸುವುದು, ಸೆಟ್‌ನಲ್ಲಿ ಅವರನ್ನು ನಡೆಸಿಕೊಳ್ಳುವುದು, ಕೊನೆಗೆ ಸಂಕಲನ, ಎಲ್ಲವೂ ಈ ಒಂದು ಮಾತಿಗೆ ಬದ್ಧವಾಗಿರಬೇಕು.

ಎರಡು ವಯಸ್ಸುಗಳನ್ನು ಗೊತ್ತುಮಾಡಿಕೊಳ್ಳಿ

ಕಥೆಯ ಎಳೆಗಿಂತ ಮುಂಚೆ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ: ಕಥೆ ನಡೆಯುವ ವರ್ಷ, ಮತ್ತು ಅದನ್ನು ಹೇಳುತ್ತಿರುವವರ ಈಗಿನ ವಯಸ್ಸು. ‘ದಿ ವಂಡರ್ ಇಯರ್ಸ್’ನ ಕಥೆ 1968ರಿಂದ 1973ರ ವರೆಗೆ ನಡೆಯುತ್ತದೆ, ಅಂದರೆ ಪ್ರಸಾರಕ್ಕಿಂತ ಸರಿಯಾಗಿ ಇಪ್ಪತ್ತು ವರ್ಷ ಹಿಂದೆ. ಕೆವಿನ್ ಆರ್ನಾಲ್ಡ್ ಎಂಬ ಹುಡುಗನಾಗಿ ಫ್ರೆಡ್ ಸ್ಯಾವೇಜ್ ನಟಿಸಿದರೆ, ಅವನೇ ಬೆಳೆದು ಮಾತಾಡುವ ದನಿ ಡೇನಿಯಲ್ ಸ್ಟರ್ನ್ ಅವರದು. ಈ ಇಪ್ಪತ್ತು ವರ್ಷದ ಅಂತರ ಲೆಕ್ಕಾಚಾರದ್ದು. ಹೇಳುವವನಿಗೆ ತಂದೆಯ ಕಷ್ಟ ಈಗ ಅರ್ಥವಾಗುತ್ತಿದೆ, ಏಕೆಂದರೆ ಅವನೂ ಈಗ ಹೆಚ್ಚುಕಡಿಮೆ ಆ ತಂದೆಯ ವಯಸ್ಸಿನವನು. ಆದರೂ ಎಲ್ಲವನ್ನೂ ಮರೆತು ಬೆಣ್ಣೆಯಂತೆ ನುಣುಪಾಗಿಸುವಷ್ಟು ಕಾಲ ಕಳೆದಿಲ್ಲ, ಹಳೆಯ ಮುಜುಗರ ಇನ್ನೂ ಚುಚ್ಚುತ್ತದೆ. ಎಪ್ಪತ್ತರ ಅಜ್ಜನೊಬ್ಬ ಹೇಳುವ ಬಾಲ್ಯ ಬೇರೆಯದೇ ಆಗಿರುತ್ತದೆ, ಅದರಲ್ಲಿ ಕ್ಷಮೆ ಹೆಚ್ಚು, ನಗೆಯ ಮೊನಚು ಕಡಿಮೆ. ನಿಮ್ಮ ಕಥೆಯನ್ನು ಹೇಳುವವರು ಯಾರು, ಅವರು ಈಗ ಏಕೆ ಹೇಳುತ್ತಿದ್ದಾರೆ ಎಂಬುದು ಖಚಿತವಾಗುವ ತನಕ ಒಂದು ದೃಶ್ಯವನ್ನೂ ಬರೆಯಬೇಡಿ.

ಹಿನ್ನೆಲೆ ದನಿ ಕಡ್ಡಾಯವೇನಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿ ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಕಂತುಗಳಲ್ಲಿ ದೊಡ್ಡವನಾದ ಸ್ವಾಮಿ ಎಂಬ ದನಿಯೇ ಇಲ್ಲ. ಅಲ್ಲಿ ನೆನಪಿನ ಕೆಲಸವನ್ನು ಎಲ್. ವೈದ್ಯನಾಥನ್ ಅವರ ಸಂಗೀತ, ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಮತ್ತು ಆಗುಂಬೆಯ ಆ ದೊಡ್ಡಮನೆ ಮಾಡುತ್ತವೆ. ಮಾಸ್ಟರ್ ಮಂಜುನಾಥ್‌ನ ಸ್ವಾಮಿ ತನ್ನ ಪಾಡಿಗೆ ತಾನು ಅಪ್ಪನಿಗೆ ಹೆದರುತ್ತಾನೆ, ಅಜ್ಜಿಯ ಬಳಿ ಕೊಚ್ಚಿಕೊಳ್ಳುತ್ತಾನೆ, ಮಣಿ ಮತ್ತು ರಾಜಮ್‌ನ ನಡುವೆ ಸಿಕ್ಕಿ ಒದ್ದಾಡುತ್ತಾನೆ. ದನಿ ಇರಲಿ ಬಿಡಲಿ, ಮಗು ವರ್ತಮಾನದಲ್ಲೇ ಇರಬೇಕು ಎಂಬ ನಿಯಮ ಎರಡೂ ಕಡೆ ಒಂದೇ.

ಹಿನ್ನೆಲೆ ದನಿಯನ್ನು ಬರೆಯುವ ಕ್ರಮ

ದನಿಯನ್ನು ಇಟ್ಟುಕೊಳ್ಳುವುದಾದರೆ ಮೊದಲು ಇಡೀ ಕಂತನ್ನು ಅದಿಲ್ಲದೆ ಬರೆಯಿರಿ. ದೃಶ್ಯ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆಯೇ, ನಗೆ ಬರುತ್ತದೆಯೇ ಎಂದು ನೋಡಿಕೊಂಡ ಬಳಿಕವೇ ದನಿಯ ಸಾಲುಗಳನ್ನು ಸೇರಿಸಿ. ಆಮೇಲೆ ಸೇರಿಸಿದ್ದರಲ್ಲಿ ಮೂರನೆಯ ಒಂದು ಭಾಗವನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಿ. ಯಾವುದನ್ನು ತೆಗೆಯಬೇಕು ಎಂಬುದಕ್ಕೆ ಒರೆಗಲ್ಲು ಒಂದೇ: ಮುಖ ಆಗಲೇ ಹೇಳುತ್ತಿರುವುದನ್ನು ದನಿ ಹೇಳಬಾರದು. ಮಗುವಿಗೆ ಗೊತ್ತಿಲ್ಲದ್ದನ್ನು, ಮಗು ಒಪ್ಪಿಕೊಳ್ಳಲಾರದ್ದನ್ನು, ಅಥವಾ ಮಗು ಬಾಯಲ್ಲಿ ಹೇಳುತ್ತಿರುವುದಕ್ಕೆ ತದ್ವಿರುದ್ಧವಾದದ್ದನ್ನು ಮಾತ್ರ ದನಿ ಹೇಳಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 1996ರ ಮಾರ್ಚ್ 9ರ ರಾತ್ರಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ವಿಶ್ವಕಪ್ ಕ್ವಾರ್ಟರ್ ಫೈನಲ್ ನಡೆದಿದೆ. ತಾಲ್ಲೂಕು ಕೇಂದ್ರವೊಂದರ ಮನೆಯಲ್ಲಿ ಓಣಿಯ ಜನವೆಲ್ಲ ಟಿವಿಯ ಮುಂದೆ ಕೂತಿದ್ದಾರೆ. ಚಿತ್ರ ಅಲುಗಾಡುತ್ತಿದೆ ಎಂದು ಮನೆಯ ಹನ್ನೊಂದರ ಹುಡುಗನನ್ನು ತಾರಸಿಗೆ ಅಟ್ಟಿ, ಆಂಟೆನಾ ಹಿಡಿದು ನಿಲ್ಲುವಂತೆ ಹೇಳಿದ್ದಾರೆ. ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನ ವಿಕೆಟ್ ಕೆಡವಿದ ಕ್ಷಣದಲ್ಲಿ ಕೆಳಗಿನಿಂದ ಹೋ ಎಂದು ಕೂಗು ಏಳುತ್ತದೆ. ಹುಡುಗ ಆಂಟೆನಾ ಬಿಟ್ಟು ಅಂಚಿಗೆ ಓಡಿ ಬಗ್ಗಿ, ‘ಔಟಾ? ಯಾರು ಔಟು? ಅಣ್ಣಾ, ಯಾರು ಔಟು?’ ಎಂದು ಕಿರುಚುತ್ತಾನೆ. ಉತ್ತರವಾಗಿ ಬರುವುದು ಬೈಗುಳ ಮಾತ್ರ, ಏಕೆಂದರೆ ಅವನು ಕೈಬಿಟ್ಟದ್ದೇ ಕೆಳಗೆ ಪರದೆಯ ತುಂಬ ಚುಕ್ಕಿ ಬಂದಿದೆ.

ಈ ದೃಶ್ಯಕ್ಕೆ ಮೊದಲು ಹೊಳೆಯುವ ದನಿ, ‘ಆಗಿನ ಕಾಲದಲ್ಲಿ ಒಂದೇ ಟಿವಿಯ ಮುಂದೆ ಇಡೀ ಓಣಿ ಕೂರುತ್ತಿತ್ತು, ಆ ದಿನಗಳೇ ಚೆಂದ’ ಎಂಬಂಥದ್ದು. ಇದು ನೋಡುಗರಿಗೆ ಏನನ್ನೂ ಕೊಡುವುದಿಲ್ಲ, ಓಣಿ ಕೂತಿರುವುದು ಕಣ್ಣೆದುರೇ ಇದೆ. ಇದರ ಬದಲು, ಹುಡುಗ ಮತ್ತೆ ಆಂಟೆನಾ ಹಿಡಿದು ಮುಖ ಊದಿಸಿಕೊಂಡು ನಿಂತ ಮೇಲೆ ದನಿ ಇಷ್ಟೇ ಹೇಳಲಿ: ‘ಆ ಚೆಂಡನ್ನು ಆಮೇಲೆ ಅದೆಷ್ಟು ಸಲ ನೋಡಿದ್ದೇನೋ. ಅದು ಬಿದ್ದ ರಾತ್ರಿ ಮಾತ್ರ ನೋಡಲಿಲ್ಲ.’ ಹುಡುಗನಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಸಂಗತಿ ಇದು. ಅವನ ಸಿಟ್ಟು ಸಿಟ್ಟಾಗಿಯೇ ಉಳಿಯುತ್ತದೆ, ಅದನ್ನು ಮುದ್ದುಮಾಡುವ ಗೋಜಿಗೆ ದನಿ ಹೋಗುವುದಿಲ್ಲ, ಆದರೂ ಕಾಲ ಕಳೆದಿದೆ ಎಂಬುದು ನೋಡುಗರಿಗೆ ತಟ್ಟುತ್ತದೆ.

ನೋವಿನ ಜಾಗದಲ್ಲಿ ದನಿ ಹಿಂದೆ ಸರಿಯಬೇಕು. ‘ದಿ ವಂಡರ್ ಇಯರ್ಸ್’ನ ಮೊದಲ ಕಂತಿನಲ್ಲಿ ಪಕ್ಕದ ಮನೆಯ ವಿನ್ನಿ ಕೂಪರ್‌ಳ ಅಣ್ಣ ಬ್ರಯನ್ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸುದ್ದಿ ಬರುತ್ತದೆ. ಕೆವಿನ್ ಅವಳನ್ನು ಹುಡುಕುತ್ತ ಬಡಾವಣೆಯಂಚಿನ ಕಾಡಿಗೆ ಹೋಗಿ, ತನ್ನ ಜಾಕೆಟ್ ಬಿಚ್ಚಿ ಅವಳಿಗೆ ಹೊದಿಸುತ್ತಾನೆ. ಸಾವಿನ ಬಗ್ಗೆ ಮಕ್ಕಳಿಬ್ಬರೂ ದೊಡ್ಡ ಮಾತಾಡುವುದಿಲ್ಲ, ಅವರಿಗೆ ಅಂಥ ಮಾತು ಬಾರದು ಎಂಬುದು ಬರೆದವರಿಗೆ ಗೊತ್ತಿತ್ತು. ಜಾಕೆಟ್ಟು ಆ ಕೆಲಸ ಮಾಡುತ್ತದೆ. ಎಲ್ಲ ಆದ ಬಳಿಕವಷ್ಟೇ ದನಿ ಬಂದು ತಾವು ಆ ದಿನದ ಬಗ್ಗೆ ಆಮೇಲೆಂದೂ ಮಾತಾಡಲಿಲ್ಲ ಎಂಬರ್ಥದ ಮಾತು ಹೇಳುತ್ತದೆ. ಮಗುವಿನ ಕೈಯಲ್ಲಿ ಮಾಡಲು ಒಂದು ಕೆಲಸ ಕೊಡಿ, ದುಃಖವನ್ನು ವಿವರಿಸುವ ಸಾಲು ಕೊಡಬೇಡಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ನಾಯಕ ಒಳ್ಳೆಯ ಹುಡುಗನಾಗಿರಬೇಕಿಲ್ಲ

ತಮ್ಮ ಬಾಲ್ಯವನ್ನು ಬರೆಯುವವರಿಗೆ ತಮ್ಮ ಮೇಲೆಯೇ ಮಮತೆ ಉಕ್ಕುವುದು ಸಹಜ. ಹಾಗಾಗಿ ನಾಯಕ ಮಗು ಮುಗ್ಧವಾಗಿ, ಸದಾ ಅನ್ಯಾಯಕ್ಕೆ ಗುರಿಯಾಗುವ ಮಗುವಾಗಿ ಬಿಡುತ್ತದೆ. ಕೆವಿನ್ ಹಾಗಲ್ಲ. ಅವನಿಗೆ ಜಂಬವಿದೆ, ಅಳುಕಿದೆ, ತನಗಾದ ನೋವಿಗೆ ಇನ್ನೊಬ್ಬರನ್ನು ನೋಯಿಸುವ ಗುಣವಿದೆ. ವಿನ್ನಿಯ ಮೇಲಿನ ಮನಸ್ಸನ್ನು ಮುಚ್ಚಿಟ್ಟುಕೊಂಡು ಬೆಕಿ ಸ್ಲೇಟರ್ ಎಂಬ ಹುಡುಗಿಯ ಜೊತೆ ಓಡಾಡುತ್ತಾನೆ, ಅವಳು ಸುಮ್ಮನೆ ಬಿಡುವುದಿಲ್ಲ.

ಇದರ ಅತ್ಯುತ್ತಮ ರೂಪ ಮೂರನೆಯ ಸೀಸನ್‌ನ ಗಣಿತದ ಮೇಷ್ಟರ ಕಂತುಗಳಲ್ಲಿದೆ. ಸ್ಟೀವನ್ ಗಿಲ್ಬೋರ್ನ್ ನಟಿಸಿದ ಕಾಲಿನ್ಸ್ ಮೇಷ್ಟರು ಮಾತು ಕಡಿಮೆಯ, ಒಣಗಿದಂತೆ ಕಾಣುವ ಮನುಷ್ಯ. ಶಾಲೆ ಮುಗಿದ ಮೇಲೆ ಕೆವಿನ್‌ಗೆ ಪಾಠ ಹೇಳಿಕೊಡಲು ಒಪ್ಪುತ್ತಾರೆ, ಹುಡುಗ ನಿಜಕ್ಕೂ ಸುಧಾರಿಸುತ್ತಾನೆ. ಆದರೆ ಪರೀಕ್ಷೆ ಹತ್ತಿರ ಬಂದಾಗ ಮೇಷ್ಟರು ಇನ್ನು ಪಾಠ ಸಾಧ್ಯವಿಲ್ಲ ಎಂದುಬಿಡುತ್ತಾರೆ, ಕಾರಣ ಹೇಳುವುದಿಲ್ಲ. ಕೆರಳಿದ ಕೆವಿನ್ ಉತ್ತರ ಪತ್ರಿಕೆಯಲ್ಲಿ ಬೇಕೆಂದೇ ಅಸಂಬದ್ಧ ಗೀಚಿ ಕೊಟ್ಟು ಬರುತ್ತಾನೆ. ವಾರಾಂತ್ಯ ಕಳೆದು ಶಾಲೆಗೆ ಬಂದರೆ ಮೇಷ್ಟರು ತೀರಿಕೊಂಡಿದ್ದಾರೆ. ಅವನ ಹೆಸರು ಬರೆದ ಹೊಸ ಖಾಲಿ ಪ್ರಶ್ನೆಪತ್ರಿಕೆಯೊಂದನ್ನು ಅವರು ಬಿಟ್ಟುಹೋಗಿದ್ದಾರೆ. ಹುಡುಗ ಅದನ್ನು ಬರೆದು ಮುಗಿಸುತ್ತಾನೆ, ತಿದ್ದುವ ಅಗತ್ಯವಿಲ್ಲ ಎಂಬುದು ಅವನಿಗೆ ಗೊತ್ತಿದೆ.

ಈ ಕಂತನ್ನು ಬರವಣಿಗೆಯ ಪಾಠವಾಗಿ ಬಿಡಿಸಿ ನೋಡುವುದಾದರೆ, ಅದರ ಪ್ರತಿ ಹೆಜ್ಜೆಯಲ್ಲೂ ಮಗುವಿಗೆ ಒಂದು ಬಯಕೆ ಇದೆ: ಅಂಕ ಬೇಕು, ಆಮೇಲೆ ಮೇಷ್ಟರ ಮೆಚ್ಚುಗೆ ಬೇಕು, ಆಮೇಲೆ ಅವರು ತನ್ನ ಸ್ನೇಹಿತ ಎಂದು ಒಪ್ಪಬೇಕು, ಒಪ್ಪದಿದ್ದರೆ ಅವರಿಗೆ ನೋವಾಗಬೇಕು. ದೊಡ್ಡವರ ಬದುಕು ಇದ್ದದ್ದು ಮಗುವಿನ ಕಣ್ಣಳತೆಯ ಆಚೆ. ಮಗು ತಪ್ಪು ಮಾಡುವುದು ಕೆಟ್ಟತನದಿಂದಲ್ಲ, ತಿಳಿಯದೆ. ನಿಮ್ಮ ಕಂತಿನ ಸಾರಾಂಶವನ್ನು ‘ಹುಡುಗನಿಗೆ ಏನು ಬೇಕು, ಅವನಿಗೆ ಏನು ಗೊತ್ತಿಲ್ಲ’ ಎಂಬ ಎರಡು ಸಾಲಿನಲ್ಲಿ ಬರೆಯಿರಿ. ಎರಡನೆಯ ಸಾಲು ಬರೆಯಲಾಗದಿದ್ದರೆ ನಿಮ್ಮ ಬಳಿ ಇರುವುದು ಪ್ರಸಂಗ ಮಾತ್ರ, ಕಂತು ಇನ್ನೂ ಆಗಿಲ್ಲ.

ತಂದೆತಾಯಿಯ ಪಾತ್ರಗಳನ್ನೂ ಇದೇ ದಾರಿಯಲ್ಲಿ ಕಟ್ಟಬೇಕು. ಡ್ಯಾನ್ ಲೌರಿಯಾ ನಟಿಸಿದ ತಂದೆ ಜ್ಯಾಕ್ ಕೆಲಸದಿಂದ ಬಂದರೆ ಮನೆಯೇ ಉಸಿರು ಬಿಗಿ ಹಿಡಿಯುತ್ತದೆ. ಮೊದಲ ಸೀಸನ್‌ನಲ್ಲೇ ಕೆವಿನ್ ಒಂದು ದಿನ ತಂದೆಯ ಕಚೇರಿಗೆ ಹೋಗುತ್ತಾನೆ, ಅಲ್ಲಿ ತಂದೆ ತನ್ನ ಮೇಲಧಿಕಾರಿಯಿಂದ ಬೈಸಿಕೊಳ್ಳುವುದನ್ನು ಕಣ್ಣಾರೆ ನೋಡುತ್ತಾನೆ. ಸಿಡುಕುವ ಅಪ್ಪನಿಗೆ ಕಾರಣವನ್ನು ಸಂಭಾಷಣೆಯಲ್ಲಿ ಹೇಳಿಸದೆ ಮಗುವನ್ನೇ ಆ ಜಾಗಕ್ಕೆ ಕರೆದೊಯ್ಯುವುದು ಈ ಪ್ರಕಾರದ ಶಕ್ತಿ.

ಗೆಳೆಯ, ಅಣ್ಣ, ಹುಡುಗಿ

ಜೋಶ್ ಸವಿಯಾನೊ ನಟಿಸಿದ ಪಾಲ್ ಫೈಫರ್‌ಗೆ ಕನ್ನಡಕವಿದೆ, ಕಂಡದ್ದಕ್ಕೆಲ್ಲ ಅಲರ್ಜಿಯಿದೆ. ಇಷ್ಟರಲ್ಲೇ ಅವನನ್ನು ನಗೆಪಾಟಲಿನ ಪಾತ್ರವಾಗಿ ಮುಗಿಸಬಹುದಿತ್ತು. ಆದರೆ ಅವನ ಯಹೂದಿ ಸಂಸ್ಕಾರವಾದ ಬಾರ್ ಮಿಟ್ಸ್ವಾ ನಡೆಯುವ ಕಂತಿನಲ್ಲಿ ನಾಯಕನಿಗೇ ಅವನ ಮೇಲೆ ಹೊಟ್ಟೆಕಿಚ್ಚು ಬರುತ್ತದೆ, ಏಕೆಂದರೆ ಪಾಲ್‌ಗೆ ಒಂದು ಪರಂಪರೆ ಇದೆ, ಕೆವಿನ್‌ಗೆ ತನ್ನದೆಂಬುದು ಏನೂ ಇಲ್ಲ ಎನಿಸುತ್ತದೆ. ಬದಿಯ ಪಾತ್ರವನ್ನು ಮೇಲೆತ್ತಲು ಸುಲಭವಾದ ಉಪಾಯ ಇದು: ನಾಯಕನಿಗೆ ಅಸೂಯೆ ಹುಟ್ಟಿಸುವಂಥದ್ದು ಏನಾದರೂ ಅವನ ಬಳಿ ಇರಲಿ. ಜೇಸನ್ ಹರ್ವಿ ನಟಿಸಿದ ಅಣ್ಣ ವೇಯ್ನ್ ತಮ್ಮನನ್ನು ಕಾಡುವುದನ್ನೇ ಕಸುಬು ಮಾಡಿಕೊಂಡವನು, ಆದರೂ ಕೊನೆಗೆ ತಂದೆಯ ಪೀಠೋಪಕರಣ ಕಾರ್ಖಾನೆಯ ಹೊಣೆ ಹೊರುವವನು ಅವನೇ.

ಹುಡುಗಿಯ ಪಾತ್ರದಲ್ಲಿ ಈ ಪ್ರಕಾರದ ಬಹುಪಾಲು ಕೃತಿಗಳು ಎಡವುತ್ತವೆ. ಹುಡುಗನ ಹಂಬಲದ ಕಿಟಕಿಯಿಂದಲೇ ಅವಳನ್ನು ನೋಡುವುದರಿಂದ ಅವಳು ಕೂದಲು, ಕಣ್ಣು, ನಗುವಾಗಿ ಉಳಿದುಬಿಡುತ್ತಾಳೆ. ಡ್ಯಾನಿಕಾ ಮೆಕೆಲ್ಲರ್ ನಟಿಸಿದ ವಿನ್ನಿ ಕೂಡ ಈ ದೋಷದಿಂದ ಪೂರ್ತಿ ಮುಕ್ತಳಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಅವಳನ್ನು ಉಳಿಸಿದ್ದು ಅವಳದೇ ಮನೆಯ ದುಃಖ. ಅಣ್ಣನ ಸಾವು, ಅದರಿಂದ ಬಿರುಕು ಬಿಟ್ಟ ತಂದೆತಾಯಿಯ ದಾಂಪತ್ಯ, ಬೇರೆ ಮನೆ, ಬೇರೆ ಶಾಲೆ, ಇವೆಲ್ಲ ಕೆವಿನ್‌ಗೆ ಸಂಬಂಧಿಸದ, ಅವನು ಸರಿಪಡಿಸಲಾರದ ಸಂಗತಿಗಳು. ನಿಮ್ಮ ಕಥೆಯ ಹುಡುಗಿಗೆ ನಾಯಕ ಇಲ್ಲದ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಒಂದು ಪುಟ ಬರೆದಿಟ್ಟುಕೊಳ್ಳಿ, ತೆರೆಯ ಮೇಲೆ ಅದು ಬಾರದಿದ್ದರೂ ಆಕೆಯ ಮಾತಿನ ಧಾಟಿ ಅದರಿಂದ ಬದಲಾಗುತ್ತದೆ. ಅಥವಾ ಅವಳನ್ನೇ ನಾಯಕಿಯಾಗಿಸಿ. ಕನ್ನಡದ ಊರುಗಳಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದ ಹೆಣ್ಣುಮಕ್ಕಳ ಹಾಸ್ಯ ನಮ್ಮ ಪರದೆಗೆ ಇನ್ನೂ ಸಾಕಷ್ಟು ಬಂದಿಲ್ಲ, ಅಲ್ಲಿ ಹೊಸದಾಗಿ ಹೇಳುವುದಕ್ಕೆ ಬೇಕಾದಷ್ಟಿದೆ.

ಮಕ್ಕಳನ್ನು ಆರಿಸುವುದು

ಆಡಿಷನ್‌ಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಪಟಪಟನೆ ಮಾತಾಡುವವರು, ರಿಯಾಲಿಟಿ ಷೋಗಳ ವೇದಿಕೆಗಾಗಿ ಪಳಗಿದವರು. ನಿಮಗೆ ಬೇಕಾದ್ದು ಬೇರೆ ಗುಣ. ಹಿನ್ನೆಲೆ ದನಿ ಮಾತಾಡುವಾಗ ಮಗು ಸುಮ್ಮನಿರಬೇಕು, ಆದರೆ ಆ ಸುಮ್ಮನಿರುವಿಕೆಯಲ್ಲಿ ಏನೋ ನಡೆಯುತ್ತಿರಬೇಕು. ಫ್ರೆಡ್ ಸ್ಯಾವೇಜ್ 1987ರಲ್ಲಿ ‘ದಿ ಪ್ರಿನ್ಸೆಸ್ ಬ್ರೈಡ್’ ಚಿತ್ರದಲ್ಲಿ ಮಾಡಿದ್ದು ಹಾಸಿಗೆ ಹಿಡಿದು ಅಜ್ಜ ಓದುವ ಕಥೆಯನ್ನು ಕೇಳುವ ಹುಡುಗನ ಪಾತ್ರ. ಕೇಳುವುದೇ ಅವನ ನಟನೆಯಾಗಿತ್ತು. ಹಾಸ್ಯ ಧಾರಾವಾಹಿಯ ಮುಖ್ಯ ನಟನ ವಿಭಾಗದಲ್ಲಿ ಹದಿಮೂರರ ವಯಸ್ಸಿನಲ್ಲೇ ಅವನಿಗೆ ಎಮ್ಮಿ ನಾಮನಿರ್ದೇಶನ ದೊರೆತದ್ದರ ಹಿಂದೆ ಈ ಕೇಳುವ ಮುಖವಿದೆ.

ಆದ್ದರಿಂದ ಆಡಿಷನ್‌ನಲ್ಲಿ ಸಂಭಾಷಣೆ ಬಾಯಿಪಾಠ ಮಾಡಿಸಿ ಹೇಳಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಮಗುವಿಗೆ ಒಂದು ಕಥೆ ಹೇಳಿ, ನಡುವೆ ನಿಲ್ಲಿಸಿ, ಕ್ಯಾಮೆರಾ ಓಡುತ್ತಿರಲಿ. ಮುಂದೇನಾಯಿತು ಎಂದು ಕೇಳುವ ಮೊದಲು ಆ ಮುಖದಲ್ಲಿ ಏನಾಗುತ್ತದೆ ನೋಡಿ. ಆಮೇಲೆ ಇಬ್ಬರು ಮಕ್ಕಳನ್ನು ಕೂರಿಸಿ ಚೌಕಾಬಾರವನ್ನೋ ಇಸ್ಪೀಟನ್ನೋ ಆಡಲು ಬಿಡಿ, ಸೋಲುವಾಗ ಯಾರು ಹೇಗಿರುತ್ತಾರೆ ಎಂಬುದು ನಿಮಗೆ ಬೇಕಾದ ಮಾಹಿತಿ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಆರಿಸಬೇಡಿ, ಗುಂಪಾಗಿ ಆರಿಸಿ. ಒಂದು ಪಾತ್ರಕ್ಕೆ ಸಿಗದ ಮಗು ಇನ್ನೊಂದಕ್ಕೆ ಹೇಳಿ ಮಾಡಿಸಿದಂತಿರಬಹುದು. ವಿನ್ನಿಯ ಪಾತ್ರಕ್ಕೆ ಕೊನೆಯ ಸುತ್ತಿನಲ್ಲಿ ಉಳಿದಿದ್ದವರು ಡ್ಯಾನಿಕಾ ಮತ್ತು ಅವಳ ತಂಗಿ ಕ್ರಿಸ್ಟಲ್. ಅಕ್ಕನಿಗೆ ವಿನ್ನಿ ಸಿಕ್ಕಿತು, ತಂಗಿಗಾಗಿ ಬೆಕಿ ಸ್ಲೇಟರ್ ಪಾತ್ರ ಬಂತು, ಅದು ಧಾರಾವಾಹಿಯ ಅತ್ಯಂತ ಖಾರವಾದ ಪಾತ್ರಗಳಲ್ಲಿ ಒಂದಾಯಿತು. ಉಚ್ಚಾರಣೆಯ ವಿಷಯದಲ್ಲೂ ಒಂದು ಮಾತು: ಕಥೆ ಹಾವೇರಿಯದಾದರೆ ಹಾವೇರಿಯ ಕನ್ನಡ ಮನೆಯಲ್ಲಿ ಆಡುವ ಮಗುವನ್ನೇ ಹುಡುಕಿ. ದೊಡ್ಡ ನಟರು ಪ್ರಾದೇಶಿಕ ಧಾಟಿಯನ್ನು ಕಲಿತು ನಿಭಾಯಿಸುತ್ತಾರೆ, ಮಕ್ಕಳಿಗೆ ಕಲಿಸಿದ ಧಾಟಿ ಅಂಟಿಸಿದಂತೆ ಕೇಳುತ್ತದೆ.

ಮಕ್ಕಳು ಬೆಳೆಯುತ್ತಾರೆ

ದೊಡ್ಡವರ ಧಾರಾವಾಹಿಯಲ್ಲಿ ಎರಡು ವರ್ಷ ಕಳೆದರೂ ಯಾರಿಗೂ ತಿಳಿಯದು. ಹನ್ನೆರಡರ ಹುಡುಗ ಹದಿನಾಲ್ಕಾದರೆ ದನಿ ಒಡೆದಿರುತ್ತದೆ, ಅಂಗಿಯ ತೋಳು ಮೊಣಕೈಗೆ ಏರಿರುತ್ತದೆ. ‘ದಿ ವಂಡರ್ ಇಯರ್ಸ್’ ತಂಡ ಇದನ್ನು ಮರೆಮಾಚಲು ಹೋಗಲಿಲ್ಲ. ಹೊರಗೆ ಒಂದು ವರ್ಷ ಕಳೆದರೆ ಕಥೆಯಲ್ಲೂ ಒಂದು ವರ್ಷ ಕಳೆಯಿತು, ಸ್ಯಾವೇಜ್ ಹನ್ನೊಂದರಿಂದ ಹದಿನಾರಕ್ಕೆ ಬಂದಂತೆ ಕೆವಿನ್ ಕೂಡ ಜೂನಿಯರ್ ಹೈಸ್ಕೂಲ್ ದಾಟಿ ಹೈಸ್ಕೂಲಿಗೆ ಬಂದ. ಎಂಟು ಹತ್ತು ಕಂತುಗಳ ಕನ್ನಡ ಸರಣಿಯೊಂದಕ್ಕೆ ಇದರಿಂದ ಬರುವ ಪಾಠ ಸರಳವಾಗಿದೆ. ಒಂದು ಸೀಸನ್ನಿನ ಚಿತ್ರೀಕರಣವನ್ನು ಬೇಸಿಗೆ ರಜೆಯೊಳಗೆ ಮುಗಿಸಲು ಯೋಜಿಸಿ. ಎರಡನೆಯ ಸೀಸನ್ ಬರುವುದಾದರೆ ಅದು ಮೊದಲನೆಯದು ನಿಂತ ಮರುದಿನದಿಂದ ಆರಂಭವಾಗದೆ ಒಂದೆರಡು ತರಗತಿ ಮುಂದಕ್ಕೆ ಜಿಗಿಯಲಿ. ಸಣ್ಣ ಮಗುವಿನ ಜಾಗಕ್ಕೆ ಹೊಸ ಮಗು ತರುವುದಕ್ಕಿಂತ ಬೆಳೆದ ಮಗುವಿಗೆ ಹೊಸ ಪೇಚು ಕೊಡುವುದು ಎಷ್ಟೋ ಮೇಲು.

ಕಾಲದ ಸಾಮಾನುಗಳು, ಹಾಡಿನ ಹಕ್ಕುಗಳು

ಹಳೆಯ ಕಾಲವನ್ನು ತೋರಿಸುವ ಉತ್ಸಾಹದಲ್ಲಿ ಪ್ರತಿ ಚೌಕಟ್ಟಿನಲ್ಲೂ ಟೇಪ್ ರೆಕಾರ್ಡರ್, ಲ್ಯಾಂಡ್‌ಲೈನ್, ಇಂಕ್ ಪೆನ್ನು ತುರುಕಬಾರದು. ಮಗು ಬಳಸದ ವಸ್ತು ಪರದೆಯ ಮೇಲೆ ಬೇಡ. ಬಳಸುವುದಾದರೂ ಅದನ್ನು ವಿಶೇಷವೆಂಬಂತೆ ನೋಡಬಾರದು, ಆ ಮಗುವಿನ ಪಾಲಿಗೆ ಅದು ಮಾಮೂಲಿ ಸಾಮಾನು.

ಹಾಡುಗಳ ಬಗ್ಗೆ ಬರವಣಿಗೆಯ ಹಂತದಲ್ಲೇ ಯೋಚಿಸಿ. ‘ದಿ ವಂಡರ್ ಇಯರ್ಸ್’ ಆ ಕಾಲದ ಜನಪ್ರಿಯ ಗೀತೆಗಳನ್ನು ಧಾರಾಳವಾಗಿ ಬಳಸಿತ್ತು. ಅವುಗಳ ಹಕ್ಕು ಬಿಡಿಸಿಕೊಳ್ಳುವ ತೊಡಕಿನಿಂದಾಗಿ ಇಡೀ ಧಾರಾವಾಹಿ ಡಿವಿಡಿ ರೂಪದಲ್ಲಿ ಬರಲು 2014ರ ವರೆಗೆ ಕಾಯಬೇಕಾಯಿತು. ಹಳೆಯ ಚಿತ್ರಗೀತೆ, ರೇಡಿಯೊ ಕಾರ್ಯಕ್ರಮದ ರಾಗ, ಜಾಹೀರಾತಿನ ಜಿಂಗಲ್, ಎಲ್ಲಕ್ಕೂ ಒಡೆಯರಿದ್ದಾರೆ. ಲಿಖಿತ ಅನುಮತಿ ಸಿಗುವ ಮೊದಲು ಅದರ ಮೇಲೆ ದೃಶ್ಯ ನಿಲ್ಲಿಸಬೇಡಿ, ಅನುಮತಿಯಲ್ಲಿ ಇಂಟರ್‌ನೆಟ್ ಪ್ರಸಾರವೂ ಸೇರಿದೆಯೇ ಎಂದು ನೋಡಿಕೊಳ್ಳಿ. ಹಣವಿಲ್ಲದವರು ಹೊಸ ರಾಗ ಮಾಡಿಸುವುದೇ ಜಾಣತನ. ಮಾಲ್ಗುಡಿಯ ‘ತಾನನ ತಾನನ’ ಯಾವ ಹಳೆಯ ಹಾಡಿನಿಂದಲೂ ಎರವಲು ತಂದದ್ದಲ್ಲ, ಆ ಧಾರಾವಾಹಿಗೆಂದೇ ಹುಟ್ಟಿದ್ದು, ಇಂದು ಒಂದು ಇಡೀ ತಲೆಮಾರಿಗೆ ಅದೇ ಬಾಲ್ಯದ ನೆನಪಾಗಿದೆ.

ಸೆಟ್‌ನಲ್ಲಿ: ಕಾನೂನು ಮತ್ತು ಅದಕ್ಕಿಂತ ಹೆಚ್ಚಿನದು

ಭಾರತದಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ಕಲಾವಿದರಾಗಿ ಬಳಸುವುದಕ್ಕೆ 2016ರಲ್ಲಿ ತಿದ್ದುಪಡಿಯಾದ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ ಹಾಗೂ ಅದರಡಿ 2017ರಲ್ಲಿ ಬಂದ ನಿಯಮಗಳು ಅನ್ವಯಿಸುತ್ತವೆ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಮೂರು ಗಂಟೆ ಮೀರುವಂತಿಲ್ಲ, ಸತತ 27 ದಿನಗಳಿಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಹೊಣೆಗಾರ ವ್ಯಕ್ತಿ ಇರಬೇಕು, ಶಾಲೆಯ ಪಾಠ ತಪ್ಪದಂತೆ ವ್ಯವಸ್ಥೆಯಾಗಬೇಕು, ಮಗುವಿನ ಸಂಭಾವನೆಯಲ್ಲಿ ಕನಿಷ್ಠ ಶೇಕಡ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಯಾಗಿ ಇಡಬೇಕು. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ನಟಿಸುವಂತೆ ಮಾಡಲಾಗದು. ಇಂಥ ಠೇವಣಿಯ ಕಲ್ಪನೆಗೆ ದೀರ್ಘ ಇತಿಹಾಸವಿದೆ: ಚಾಪ್ಲಿನ್ ಜೊತೆ ನಟಿಸಿ ಜಗತ್ಪ್ರಸಿದ್ಧನಾಗಿದ್ದ ಜಾಕಿ ಕೂಗನ್ ಪ್ರಾಯಕ್ಕೆ ಬಂದಾಗ ತನ್ನ ಗಳಿಕೆಯೆಲ್ಲ ಮನೆಯವರಿಂದಲೇ ಕರಗಿಹೋಗಿದ್ದನ್ನು ಕಂಡು ನ್ಯಾಯಾಲಯಕ್ಕೆ ಹೋದ, ಅದರ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಯ್ದೆ ಬಂತು.

ಸಣ್ಣ ಬಜೆಟ್ಟಿನ ತಂಡಗಳು ‘ನಮ್ಮದು ಸ್ನೇಹಿತರ ಮಕ್ಕಳು, ಯೂಟ್ಯೂಬಿಗೆ ಮಾಡುತ್ತಿರುವುದು’ ಎಂದು ಈ ನಿಯಮಗಳನ್ನು ಬದಿಗಿಡುವುದುಂಟು. ಹಾಗೆ ಮಾಡಬೇಡಿ. ದಿನಕ್ಕೆ ಐದೇ ಗಂಟೆ ಎಂಬುದು ನಿಮ್ಮ ವೇಳಾಪಟ್ಟಿಯ ಮೊದಲ ಸಾಲಾಗಿರಲಿ, ದೃಶ್ಯಗಳನ್ನು ಅದಕ್ಕೆ ಹೊಂದಿಸಿ ಬರೆಯಿರಿ. ದೊಡ್ಡವರ ಕ್ಲೋಸಪ್‌ಗಳನ್ನು ಮಗು ಮನೆಗೆ ಹೋದ ಮೇಲೆ ತೆಗೆಯಬಹುದು.

ಕಾನೂನು ಮುಟ್ಟದ ವಿಷಯಗಳಿಗೆ ನಿರ್ದೇಶಕರ ಅಂತಃಕರಣವೇ ಕಾವಲು. ಮಗುವನ್ನು ಅಳಿಸಲು ಸುಳ್ಳು ಹೇಳುವುದು, ಹೆದರಿಸುವುದು, ಎಲ್ಲರೆದುರು ಬೈಯುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದರಿಂದ ಸಿಗುವ ಕಣ್ಣೀರು ಪಾತ್ರದ್ದಲ್ಲ. ತಂದೆ ಗದರುವ ದೃಶ್ಯವಿದ್ದರೆ ಆ ನಟ ಮತ್ತು ಮಗು ಮೊದಲು ಜೊತೆಗೆ ಕೂತು ಊಟ ಮಾಡಲಿ, ಗದರುವ ಸಾಲನ್ನು ಮಗುವೇ ತಿರುಗಿ ನಟನಿಗೆ ಗದರಿ ತೋರಿಸಲಿ, ಟೇಕ್ ಮುಗಿದ ತಕ್ಷಣ ನಟ ತನ್ನ ಮಾಮೂಲು ದನಿಯಲ್ಲಿ ಮಾತಾಡಿಸಲಿ. ಎಳೆಯ ಪ್ರೀತಿಯ ದೃಶ್ಯಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ‘ದಿ ವಂಡರ್ ಇಯರ್ಸ್’ನ ಆ ಕಾಡಿನ ದೃಶ್ಯದ ಮುತ್ತು ಇಬ್ಬರು ಬಾಲನಟರ ನಿಜ ಜೀವನದಲ್ಲೂ ಮೊದಲನೆಯದಾಗಿತ್ತು. ಇಂದು ಆ ಕಂತನ್ನು ನೋಡುವಾಗ ನನಗೆ ಅನಿಸುವುದು, ಮುತ್ತು ತೆಗೆದರೂ ಜಾಕೆಟ್ಟು ಸಾಕಾಗಿತ್ತು ಎಂದು. ಮಗುವಿನ ಸ್ವಂತ ಬದುಕಿನ ಒಂದು ಮೊದಲನ್ನು ಧಾರಾವಾಹಿಗಾಗಿ ಖರ್ಚು ಮಾಡುವ ಹಕ್ಕು ನಮಗಿಲ್ಲ.

ಪಾಠಕ್ಕೆಂದು ಮೀಸಲಿಟ್ಟ ಗಂಟೆಗಳನ್ನು ಚಿತ್ರೀಕರಣ ನುಂಗದಂತೆ ಕಾಯುವುದು ನಿರ್ಮಾಪಕರ ಕೆಲಸ. ಡ್ಯಾನಿಕಾ ಮೆಕೆಲ್ಲರ್ ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ವಿದ್ಯಾರ್ಥಿನಿಯಾಗಿದ್ದಾಗಲೇ ಒಂದು ಪ್ರಮೇಯದ ಸಹಲೇಖಕಿಯಾದರು, ಹೆಣ್ಣುಮಕ್ಕಳಿಗಾಗಿ ಗಣಿತದ ಪುಸ್ತಕಗಳನ್ನು ಬರೆದರು. ಸವಿಯಾನೊ ವಕೀಲರಾದರು, ಸ್ಯಾವೇಜ್ ನಿರ್ದೇಶನಕ್ಕೆ ಹೋದರು. ನಮ್ಮ ಮಾಸ್ಟರ್ ಮಂಜುನಾಥ್ ಕೂಡ ಬೆಳೆದ ಮೇಲೆ ನಟನೆ ಬಿಟ್ಟು ಬೇರೆ ವೃತ್ತಿ ಹಿಡಿದರು. ಧಾರಾವಾಹಿ ಮುಗಿದ ಮೇಲೆ ಮಗುವಿಗೆ ಬೇರೆ ದಾರಿಗಳು ತೆರೆದಿರಬೇಕು, ಆ ಬಾಗಿಲನ್ನು ನಿಮ್ಮ ವೇಳಾಪಟ್ಟಿ ಮುಚ್ಚಬಾರದು.

ಕೊನೆಯ ಕಂತು ಮತ್ತು ಸಂಕಲನ

ಕೊನೆಯ ಕಂತನ್ನು ಬರೆಯುವಾಗ ದನಿಗೆ ಮೊದಲ ಬಾರಿಗೆ ಪೂರ್ತಿ ಸ್ವಾತಂತ್ರ್ಯ ಕೊಡಬಹುದು, ಏಕೆಂದರೆ ಮಗುವಿಗೆ ಗೊತ್ತಿಲ್ಲದ ಭವಿಷ್ಯವೆಲ್ಲ ಅದರ ಬಳಿ ಇದೆ. 1993ರ ಆ ಕೊನೆಯ ಕಂತು ನೋಡುಗರು ಬಯಸಿದ್ದನ್ನು ಕೊಡಲಿಲ್ಲ. ಕೆವಿನ್ ಮತ್ತು ವಿನ್ನಿ ಮದುವೆಯಾಗಲಿಲ್ಲ, ಅವಳು ಕಲೆಯ ಇತಿಹಾಸ ಓದಲು ಪ್ಯಾರಿಸ್‌ಗೆ ಹೋದಳು, ಇಬ್ಬರೂ ಪತ್ರ ಬರೆದುಕೊಂಡರು, ಅವಳು ಮರಳಿದಾಗ ಅವನು ಹೆಂಡತಿ ಮತ್ತು ಎಳೆಯ ಮಗನೊಡನೆ ಅವಳನ್ನು ಎದುರುಗೊಂಡ. ತಂದೆ ಎರಡು ವರ್ಷಗಳಲ್ಲಿ ತೀರಿಕೊಂಡರು ಎಂಬುದನ್ನು ಸ್ವಾತಂತ್ರ್ಯ ದಿನದ ಮೆರವಣಿಗೆಯ ಸಂಭ್ರಮದ ನಡುವೆಯೇ ದನಿ ಹೇಳಿ ಮುಂದೆ ಸಾಗುತ್ತದೆ. ತೆರೆಯ ಮೇಲಿನ ಯಾರಿಗೂ ಅದು ಗೊತ್ತಿಲ್ಲ, ಅವರು ನಗುತ್ತಿದ್ದಾರೆ. ನೀವೂ ಕೊನೆಯ ಕಂತಿನಲ್ಲಿ ದುಃಖದ ಸುದ್ದಿ ಹೇಳುವುದಾದರೆ ಸಂತೋಷದ ಚಿತ್ರದ ಮೇಲೆ ಹೇಳಿ, ಮಕ್ಕಳ ಮುಖಕ್ಕೆ ಅದನ್ನು ತಾಗಿಸಬೇಡಿ.

ಸಂಕಲನಕ್ಕೆ ಕೂರುವ ಮುನ್ನ ತಾತ್ಕಾಲಿಕ ದನಿಯೊಂದನ್ನು ನೀವೇ ಓದಿ ಧ್ವನಿಮುದ್ರಿಸಿಕೊಳ್ಳಿ. ಚಿತ್ರೀಕರಣದ ವೇಳೆಯಲ್ಲೂ ಆ ಸಾಲುಗಳನ್ನು ಯಾರಾದರೂ ಮೆಲ್ಲಗೆ ಓದುತ್ತಿದ್ದರೆ ಎಷ್ಟು ಹೊತ್ತು ಮೌನವಾಗಿರಬೇಕೆಂಬುದು ಮಗುವಿಗೆ ತಿಳಿಯುತ್ತದೆ, ಆದರೆ ಆ ಸಾಲುಗಳ ಅರ್ಥವನ್ನು ನಟಿಸಲು ಅದಕ್ಕೆ ಹೇಳಬೇಡಿ. ಜೋಡಿಸಿದ ಕಂತನ್ನು ಎರಡು ಸಲ ತೋರಿಸಿ. ದನಿಯನ್ನು ಅಡಗಿಸಿ ಕಥೆಯ ನಾಯಕನ ವಯಸ್ಸಿನ ಮಕ್ಕಳಿಗೆ ಒಮ್ಮೆ, ದನಿಯ ಸಮೇತ ಅವರ ತಂದೆತಾಯಿಗೆ ಇನ್ನೊಮ್ಮೆ. ಮಕ್ಕಳಿಗೆ ಕಥೆ ಅರ್ಥವಾಗದ ಕಡೆ ದೃಶ್ಯವನ್ನು ತಿದ್ದಬೇಕು. ಮಕ್ಕಳು ನಕ್ಕ ಕಡೆಯಲ್ಲೇ ದೊಡ್ಡವರು ನಗುವ ಬದಲು ಸುಮ್ಮನಾದರೆ ಆ ಜಾಗವನ್ನು ಮುಟ್ಟಬೇಡಿ.